‘ಆತ್ರೀ ಸರ್’: ನಮ್ಮೂರ ಸಾಫ್ಟ್‌ವೇರ್ ಕಂಪನಿಗಳ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡದ ಸಾಫ್ಟ್‌ವೇರ್ ಕಂಪನಿಗಳ ಮಾಲೀಕರಿಗೆ, ಡೆಲಿವರಿ ಹೆಡ್‌ಗಳಿಗೆ, ಮ್ಯಾನೇಜರ್‌ಗಳಿಗೆ ಮತ್ತು ನನ್ನಂಥ ಟೀಮ್ ಲೀಡ್‌ಗಳಿಗೆ ನಮಸ್ಕಾರ.

ಈ ಪತ್ರ ಒಂದೇ ಒಂದು ಮಾತಿನ ಬಗ್ಗೆ. ದಿನಕ್ಕೆ ಹತ್ತಾರು ಸಲ ನೀವು ಕೇಳುವ, ಕೇಳಿ ನಿರಾಳರಾಗುವ ಮಾತು: “ಆತ್ರೀ ಸರ್.”

ಹೊರಗಿನವರಿಗೆ ಅದು ‘ಸರಿ’ ಅಷ್ಟೇ. ನಾವು ಈ ಕಡೆಯವರು, ನಮಗೆ ಒಳಗಿನದೂ ಗೊತ್ತು. ಆತ್ರೀ ಅಂದರೆ ಕೆಲಸ ಮುಗಿದಿದೆ ಅಂತ. ಮುಗಿಸುತ್ತೇನೆ ಅಂತಲೂ ಹೌದು. ನೀವು ಅಂದದ್ದು ಕಿವಿಗೆ ಬಿತ್ತು ಅಂತಲೂ ಹೌದು. ಇದು ಆಗುವ ಮಾತಲ್ಲ, ನಿಮ್ಮ ಮುಂದೆ ಹಾಗನ್ನುವ ಧೈರ್ಯ ನನಗಿಲ್ಲ ಅಂತಲೂ ಹೌದು. ‘ಆ’ ಎಳೆದರೆ ಒಂದು ಅರ್ಥ, ‘ರೀ’ ನುಂಗಿದರೆ ಇನ್ನೊಂದು. ಮನೆಯಲ್ಲಿ ಅವ್ವ ಹೇಳಿದ ಕೆಲಸಕ್ಕೆ “ಆತ್ ಬೇ” ಅಂದು ಮೊಬೈಲಿಗೆ ತಲೆ ತಗ್ಗಿಸಿ ಬೆಳೆದವರು ನಾವು. ಅವ್ವನಿಗೆ ಆ ದನಿ ಕೇಳಿದರೆ ಸಾಕು, ಕೆಲಸ ಆಗುವುದಿಲ್ಲ ಎಂದು ತಿಳಿಯುತ್ತಿತ್ತು. ನಿಮಗೆ ತಿಳಿಯುತ್ತಿಲ್ಲ. ಅಥವಾ ತಿಳಿದರೂ ತಿಳಿಯದ ಹಾಗೆ ಇರುವುದು ನಿಮಗೆ ಅನುಕೂಲ.

“ಆಗಂಗಿಲ್ರೀ” ಎಂಬ ಚೊಕ್ಕ ಮಾತೂ ನಮ್ಮಲ್ಲಿದೆ. ಜನತಾ ಬಜಾರಿನಲ್ಲಿ ಕಾಯಿಪಲ್ಲೆ ಮಾರುವವಳು ಬೆಳಗಿನಿಂದ ಸಂಜೆವರೆಗೂ ಅದನ್ನೇ ಅನ್ನುತ್ತಾಳೆ: “ಇಪ್ಪತ್ತಕ್ಕ ಆಗಂಗಿಲ್ರೀ ಅಕ್ಕಾರ.” ಆಟೋದವರು ಅನ್ನುತ್ತಾರೆ, ಟೇಲರ್ ಅನ್ನುತ್ತಾನೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ಆಫೀಸುಗಳ ಗಾಜಿನ ಬಾಗಿಲು ದಾಟಿ ಒಳಗೆ ಬರಲು ಮಾತ್ರ ಆ ಮಾತಿಗೆ ಆಗುತ್ತಿಲ್ಲ.

ಯಾಕೆ ಅಂತ ನಿಮ್ಮನ್ನು ಕೇಳುವ ಮೊದಲು ನನ್ನದು ಹೇಳಿಬಿಡುತ್ತೇನೆ.

ನಾನು ಇಲ್ಲೇ ಓದಿ, ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಕೋಡ್ ಬರೆದು, ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದು ಇಲ್ಲೇ ಉಳಿದವಳು. ಆಗ ಸೇರಿದ ಕಂಪನಿಯಲ್ಲಿ ನಾವು ಪತ್ತಿನ ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಒಂದು ಬಿಡುಗಡೆಯಲ್ಲಿ, ಅಂದರೆ ಗ್ರಾಹಕರಿಗೆ ಕೊಡುವ ಹೊಸ ಆವೃತ್ತಿಯಲ್ಲಿ, ಸಾಲದ ಬಡ್ಡಿ ಲೆಕ್ಕವನ್ನು ಬದಲಿಸಿದ್ದೆವು. ಅವಧಿಗೆ ಮುಂಚೆ ಯಾರಾದರೂ ಒಂದಿಷ್ಟು ಅಸಲು ಕಟ್ಟಿದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ ಬೀಳಬೇಕು. ಸರಳ ಕೆಲಸ. ಆದರೆ ತಿಂಗಳ ಕೊನೆಯ ರಾತ್ರಿ ಮುಂದಿನ ತಿಂಗಳ ಬಡ್ಡಿಯ ಲೆಕ್ಕ ಮೊದಲು ಓಡಿ, ಆ ದಿನದ ಜಮಾ ಆಮೇಲೆ ಏರುತ್ತಿತ್ತು. ಹಾಗಾಗಿ ಕೊನೆಯ ದಿನ ದುಡ್ಡು ಕಟ್ಟಿದವರಿಗೆ ಮುಂದಿನ ತಿಂಗಳಿಡೀ ಹಳೆಯ ಅಸಲಿನ ಮೇಲೆಯೇ ಬಡ್ಡಿ. ಒಂದು ಲಕ್ಷ ಸಾಲ, ವರ್ಷಕ್ಕೆ ಶೇಕಡಾ 12 ಬಡ್ಡಿ ಅಂದುಕೊಳ್ಳಿ. ತಿಂಗಳಿಗೆ 1,000 ರೂಪಾಯಿ. 40,000 ಕಟ್ಟಿದ ಮೇಲೆ 600 ಬರಬೇಕು. ಬಂದದ್ದು 1,000.

ಇದನ್ನು ಕಂಡದ್ದು ನಮ್ಮ ಟೆಸ್ಟರ್, ಬಿಡುಗಡೆಗೆ ಮುಂಚೆ ಸಾಫ್ಟ್‌ವೇರನ್ನು ಪರೀಕ್ಷಿಸುವವಳು. ಗದಗದ ಕಡೆಯ ಹುಡುಗಿ, ಮೊದಲ ನೌಕರಿ. ಬುಧವಾರವೇ ನನಗೆ ಚಾಟ್‌ನಲ್ಲಿ ಬರೆದಿದ್ದಳು: “ಅಕ್ಕಾ, ತಿಂಗಳ ಕೊನೇ ದಿನದ ಕೇಸ್ ಒಂಚೂರು ನೋಡ್ತೀರೇನ್ರೀ?” ನಾನು ಬೇರೆ ಮೀಟಿಂಗಿನಲ್ಲಿದ್ದೆ. ಹೆಬ್ಬೆಟ್ಟಿನ ಚಿಹ್ನೆ ಒತ್ತಿ ಮರೆತೆ. ಅದೂ ಒಂದು ‘ಆತ್ರೀ’ಯೇ ಎಂದು ಆಗ ಹೊಳೆದಿರಲಿಲ್ಲ.

ಗುರುವಾರ ಸಂಜೆಯ ಸಭೆಯಲ್ಲಿ ಅವಳು ಮತ್ತೊಮ್ಮೆ ಪ್ರಯತ್ನಪಟ್ಟಳು. “ಸರ್, ಒಂದ್ ಸಂಶಯ ಐತ್ರೀ.” ಮ್ಯಾನೇಜರ್ ಕೆಟ್ಟವರೇನಲ್ಲ, ಗ್ರಾಹಕನಿಗೆ ಮಾತು ಕೊಟ್ಟು ಕೂತಿದ್ದರು. “ಸಂಶಯ ಆಮ್ಯಾಲೆ ನೋಡೂಣು. ನಾಳಿಗೆ ರಿಲೀಸ್ ಆಗತೈತೋ ಇಲ್ಲೋ, ಅಷ್ಟ ಹೇಳು.” ಅವಳು ನನ್ನ ಕಡೆ ನೋಡಿದಳು. ನಾನು ಲ್ಯಾಪ್‌ಟಾಪ್ ನೋಡಿದೆ. “ಆತ್ರೀ ಸರ್,” ಅಂದಳು. ಶುಕ್ರವಾರ ಬಿಡುಗಡೆಯಾಯಿತು. ಗಿರಮಿಟ್, ಮಿರ್ಚಿ ತರಿಸಿ ತಿಂದೆವು.

ಮುಂದಿನ ತಿಂಗಳು ಒಂದು ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಹೈನುಗಾರಿಕೆಗೆ ಸಾಲ ತೆಗೆದಿದ್ದ ಒಬ್ಬ ಮುದುಕಿ, ಪಾಸ್‌ಬುಕ್ ಹಿಡಿದುಕೊಂಡು ಬಂದು ಕೌಂಟರಿನ ಮುಂದೆ ಕೂತುಬಿಟ್ಟಿದ್ದಳಂತೆ. ಅವಳ ಲೆಕ್ಕ ಸರಿ ಇತ್ತು, ನಮ್ಮದು ತಪ್ಪಿತ್ತು.

ಆಮೇಲೆ ನಡೆದ ಕಾಲ್ ನನಗೆ ಇವತ್ತಿಗೂ ನಿದ್ದೆಯಲ್ಲಿ ಬರುತ್ತದೆ. ಮೂವತ್ತು ಚಿಲ್ಲರೆ ಜನ. ಸ್ಕ್ರೀನಿನ ಮೇಲೆ ‘ಗಿಟ್ ಬ್ಲೇಮ್’. ಕೋಡಿನ ಒಂದೊಂದು ಸಾಲಿನ ಪಕ್ಕದಲ್ಲೂ ಅದನ್ನು ಕೊನೆಗೆ ಮುಟ್ಟಿದವರ ಹೆಸರು ತೋರಿಸುವ ಆಜ್ಞೆ ಅದು. ಹೆಸರಿನಲ್ಲೇ ದೂಷಣೆ ಇದ್ದರೂ ಅದಕ್ಕೆ ಯಾರ ತಪ್ಪೆಂಬುದು ಗೊತ್ತಿರುವುದಿಲ್ಲ. ಸಾಲಿನ ಮುಂದಿನ ಖಾಲಿ ಜಾಗ ಸರಿಮಾಡಿದವನ ಹೆಸರನ್ನೂ ಅದು ಅಷ್ಟೇ ನಿಷ್ಠೆಯಿಂದ ತೋರಿಸುತ್ತದೆ. ಅವತ್ತು ಆದದ್ದೂ ಅದೇ. ಬಡ್ಡಿಯ ಲೆಕ್ಕ ಬರೆದವರು ಬೇರೆ. ಸ್ಕ್ರೀನಿನ ಮೇಲೆ ಹೆಸರು ಬಂದ ಹುಡುಗ ಫೈಲನ್ನು ಚೊಕ್ಕ ಮಾಡಿದ್ದ, ಅಷ್ಟೇ. ಮಾಲೀಕರು ಕಾಲ್‌ಗೆ ಬಂದು ಎಲ್ಲರ ಮುಂದೆ ಅಂದರು: “ನಿಮ್ಮಪ್ಪಾರು ನನಗ ಗುರ್ತಿನವರು ಅಂತ ನಿನ್ನ ತಗೊಂಡೆ. ಅವರಿಗೇ ಫೋನ್ ಹಚ್ಚಲೇನು?”

ಹುಡುಗ ಮಾತಾಡಲಿಲ್ಲ. ಟೆಸ್ಟರ್ ಮಾತಾಡಲಿಲ್ಲ. ನಾನು ಮ್ಯೂಟ್ ಮಾಡಿಕೊಂಡಿದ್ದೆ; ಬುಧವಾರದ ಆ ಚಾಟ್ ನನ್ನ ಸ್ಕ್ರೀನಿನ ಮೇಲೇ ತೆರೆದಿತ್ತು. ಎರಡು ತಿಂಗಳಲ್ಲಿ ಹುಡುಗ ಬೆಂಗಳೂರಿಗೆ ಹೋದ. ರಾಜೀನಾಮೆಯಲ್ಲಿ ‘ವೈಯಕ್ತಿಕ ಕಾರಣ’ ಎಂದು ಬರೆದಿದ್ದ. ಆ ಕಂಪನಿಯ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಉಳಿದ ನೀವೆಲ್ಲ ‘ಸದ್ಯ ನಮ್ಮದಲ್ಲ’ ಅಂದು ಓದುವುದು ನಿಲ್ಲಿಸುತ್ತೀರಿ.

“ಬೆಂಗಳೂರಿನಾಗ ಹುಡುಗರು ಆರಾರು ತಿಂಗಳಿಗೆ ಕಂಪನಿ ಬದಲಸ್ತಾರ, ನಮ್ಮೂರವರು ನಿಯತ್ತಿನವರು” ಎಂದು ನೀವು ಹೂಡಿಕೆದಾರರ ಮುಂದೆ ಹೇಳುವುದನ್ನು ಕೇಳಿದ್ದೇನೆ. ಸ್ವಂತ ಮನೆ, ಮನೆಯ ರೊಟ್ಟಿ, ಚಿಗರಿ ಬಸ್ಸು ಹತ್ತಿದರೆ ಧಾರವಾಡ. ಊರು ಬಿಡದೆ ನೌಕರಿ ಸಿಕ್ಕರೆ ಯಾರಿಗೆ ಬೇಡ? 2015ರಲ್ಲಿ ಐಐಐಟಿ ಬಂತು, 2016ರಲ್ಲಿ ಐಐಟಿ ಬಂತು. ಬಿವಿಬಿ, ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜುಗಳು ಮೊದಲೇ ಇದ್ದವು. ಹುಡುಗರಿಗೆ ಕೊರತೆಯಿಲ್ಲ. ಆದರೆ ಆ ನಿಯತ್ತಿನ ಒಳಗೆ ಎಷ್ಟು ಪಾಲು ಹೆದರಿಕೆ ಎಂದು ಅಳೆದಿದ್ದೀರಾ? ಬೆಂಗಳೂರಿನಲ್ಲೂ ಬೈಗುಳ ತಿಂದಿದ್ದೇನೆ, ಅಲ್ಲಿನ ಬಾಸ್ ನನ್ನ ಅಪ್ಪನಿಗೆ ಫೋನ್ ಮಾಡುವುದಾಗಿ ಹೆದರಿಸಿರಲಿಲ್ಲ. ಇಲ್ಲಿ ನೌಕರಿ ಕೊಡಿಸಿದವರು ಮಾವನ ಗೆಳೆಯರು, ಸಂದರ್ಶನ ಮಾಡಿದವರು ಕಾಲೇಜಿನ ಸೀನಿಯರ್, ಎಚ್‌ಆರ್ ಅಕ್ಕನ ಓರಗಿತ್ತಿ. ಒಂದು ಕಡೆ ‘ಆಗಂಗಿಲ್ರೀ’ ಅಂದರೆ ಅದು ಮುಂದಿನ ಮದುವೆಯ ಪಂಕ್ತಿಯವರೆಗೂ ಬರುತ್ತದೆ. ಇರುವ ಕಂಪನಿಗಳೂ ಬೆರಳೆಣಿಕೆ. ನೀವು ನೀವು ಪರಿಚಯದವರು. ಇಂಥ ಊರಿನಲ್ಲಿ ಇಪ್ಪತ್ಮೂರು ವರ್ಷದವಳು ಸಭೆಯಲ್ಲಿ ಬಾಯಿ ತೆರೆಯಬೇಕಾದರೆ ಬೆಂಗಳೂರಿನವಳಿಗಿಂತ ಎರಡು ಪಟ್ಟು ಗುಂಡಿಗೆ ಬೇಕು.

‘ಸರ್’ ಅನ್ನುವುದನ್ನು ಬಿಡಿಸಿ ಹೆಸರು ಹಿಡಿದು ಕರೆಯಿರಿ ಅಂದರೆ ಸರಿಹೋಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ನನಗೆ ನಂಬಿಕೆಯಿಲ್ಲ. ಬೆಂಗಳೂರಿನಲ್ಲಿ ಉಪಾಧ್ಯಕ್ಷರನ್ನೂ ಹೆಸರು ಹಿಡಿದೇ ಕರೆಯುತ್ತಿದ್ದೆವು, ಅಂಜಿಕೆ ಅಷ್ಟೇ ಇತ್ತು. ದೊಡ್ಡವರಿಗೆ ಬಹುವಚನ ಕೊಟ್ಟು ‘ಇದು ತಪ್ಪೈತ್ರೀ’ ಅನ್ನಲು ನಮ್ಮ ಭಾಷೆಯಲ್ಲಿ ಬೇಕಾದಷ್ಟು ಜಾಗ ಇದೆ. ‘ರೀ’ ಇರುವುದೇ ಅದಕ್ಕೆ.

ಎಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ಎಣಿಕೆ. ಲೆಕ್ಕ ಉಲ್ಟಾ ಬಂತು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು. ಕೆದಕಿ ನೋಡಿದಾಗ ಕಂಡದ್ದು, ಆ ತಂಡಗಳ ನರ್ಸ್‌ಗಳು ಆದ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಹೋಗುತ್ತಿತ್ತು. 1999ರ ಪ್ರಬಂಧದಲ್ಲಿ ಅವರು ಇದನ್ನು ‘ಸೈಕಲಾಜಿಕಲ್ ಸೇಫ್ಟಿ’ ಎಂಬ ಹೆಸರಿನಲ್ಲಿ ವಿವರಿಸಿದರು. ಮುಂದೆ ಗೂಗಲ್ ತನ್ನದೇ 180 ತಂಡಗಳನ್ನು ಅಭ್ಯಾಸ ಮಾಡಿದಾಗ, ತಂಡದಲ್ಲಿ ಎಂಥ ಜಾಣರಿದ್ದಾರೆ ಎಂಬುದಕ್ಕಿಂತ ಇದೇ ಮುಖ್ಯವೆಂದು ಕಂಡಿತು. ನಿಮ್ಮ ಎಚ್‌ಆರ್ ತರಬೇತಿಯಲ್ಲೂ ಈ ಪದ ಒಂದು ಸ್ಲೈಡಿನಲ್ಲಿ ಬಂದು ಹೋಗಿರುತ್ತದೆ. ಮನೆಗೆ ಬಂದವರನ್ನು ಮೊದಲು ಕುಂಡ್ರಿಸಿ ನೀರು ಕೊಡುತ್ತೇವಲ್ಲ, ಕೆಟ್ಟ ಸುದ್ದಿ ತಂದವರಿಗೂ ಹಾಗೆ ಮಾಡುವುದು ಎಂದು ನಾನು ಅದನ್ನು ಕನ್ನಡ ಮಾಡಿಕೊಂಡಿದ್ದೇನೆ.

ಬೇರೆಯವರ ಕೋಡ್ ಇಟ್ಟುಕೊಳ್ಳುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯ ಕತೆ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರಬಹುದು. 2017ರ ಜನವರಿ 31ರ ರಾತ್ರಿ ಅಲ್ಲಿನ ಒಬ್ಬ ಎಂಜಿನಿಯರ್, ದಣಿದ ಹೊತ್ತಿನಲ್ಲಿ, ಬೇರೆ ಸರ್ವರ್ ಎಂದು ತಿಳಿದು ಮುಖ್ಯ ಡೇಟಾಬೇಸನ್ನೇ ಅಳಿಸಿದ. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಇದ್ದ ಐದು ದಾರಿಗಳಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಒಂದಂತೂ ಎಷ್ಟೋ ದಿನದಿಂದ ಸೋಲುತ್ತಲೇ ಇತ್ತು. ಸೋತಾಗ ಬರಬೇಕಾದ ಎಚ್ಚರಿಕೆಯ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು, ಹಾಗಾಗಿ ಯಾರಿಗೂ ಸುದ್ದಿಯೇ ಇಲ್ಲ. ಯಂತ್ರಗಳ ನಡುವೆಯೂ ‘ಆತ್ರೀ’ ನಡೆದಿತ್ತು ಅನ್ನಿ. ಆರು ತಾಸಿನಷ್ಟು ಮಾಹಿತಿ ಹೋಯಿತು. ಆಮೇಲೆ ಅವರು ಮಾಡಿದ್ದನ್ನು ನೋಡಿ: ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರು, ಏನೇನು ತಪ್ಪಿತು ಎಂದು ಜಗತ್ತಿಗೇ ಬರೆದು ತೋರಿಸಿದರು, ಆ ಬರಹದಲ್ಲಿ ಎಂಜಿನಿಯರ್‌ಗೆ ಇಟ್ಟ ಹೆಸರು ‘ತಂಡದ ಸದಸ್ಯ-1’. ಅಳಿಸಿದವನ ಬೆನ್ನು ಹತ್ತಿದ್ದರೆ ಬ್ಯಾಕಪ್ಪಿನ ಸತ್ಯ ಹೊರಗೆ ಬರುತ್ತಿತ್ತೇ?

ಇದಕ್ಕೆ ವಿರುದ್ಧದ ಕತೆ ಬ್ರಿಟನ್ನಿನ ಅಂಚೆ ಇಲಾಖೆಯದು. ಪತ್ತಿನ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುವ ನಮಗೆ ಅದು ಹೊಟ್ಟೆಯಲ್ಲಿ ಕಲಸಿದ ಹಾಗಾಗಬೇಕು. 1999ರಿಂದ ‘ಹೊರೈಜನ್’ ಎಂಬ ಲೆಕ್ಕಪತ್ರ ವ್ಯವಸ್ಥೆಯನ್ನು ಅಲ್ಲಿನ ಅಂಚೆ ಕಚೇರಿಗಳಲ್ಲಿ ಹಾಕಿದರು. ಅದರಲ್ಲಿ ದೋಷಗಳಿದ್ದವು; ಇಲ್ಲದ ಕೊರತೆಯನ್ನು ಅದು ಲೆಕ್ಕದಲ್ಲಿ ತೋರಿಸುತ್ತಿತ್ತು. ಕಂಪ್ಯೂಟರ್ ತಪ್ಪುವುದಿಲ್ಲ ಎಂದು ಮೇಲಿನವರು ಪಟ್ಟು ಹಿಡಿದರು. 900ಕ್ಕೂ ಹೆಚ್ಚು ಜನ, ನಮ್ಮ ಹಳ್ಳಿಗಳ ಪೋಸ್ಟ್ ಮಾಸ್ತರರಂಥವರು, ಕಳ್ಳತನ, ವಂಚನೆಯ ಅಪರಾಧಿಗಳೆನಿಸಿಕೊಂಡರು. ಕೆಲವರು ಜೈಲಿಗೆ ಹೋದರು, ಕೆಲವರು ಜೀವ ಕಳಕೊಂಡರು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬಂದದ್ದು 2024ರಲ್ಲಿ. ಸಾಫ್ಟ್‌ವೇರಿನಲ್ಲಿ ದೋಷವಿದೆ ಎಂಬ ಸುದ್ದಿ ಒಳಗಿನವರಲ್ಲಿ ಕೆಲವರಿಗೆ ಗೊತ್ತೇ ಇತ್ತು. ಮುದುಕಿಯ 400 ರೂಪಾಯಿಗೂ ಈ ಕತೆಗೂ ನಡುವಿನ ಅಂತರ ನೀವು ತಿಳಿದಷ್ಟು ದೊಡ್ಡದಲ್ಲ. ನಮ್ಮ ಪುಣ್ಯ, ಆ ಕಾರ್ಯದರ್ಶಿ ಕಂಪ್ಯೂಟರಿನ ಪಕ್ಕದಲ್ಲಿ ಕೈಬರಹದ ವಹಿಯನ್ನೂ ಇಟ್ಟಿದ್ದರು.

ಅಂದಹಾಗೆ ಸಹಕಾರಿ ಸಂಘದ ಮಾತು ಬಂತು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಹೆಸರಾಗಿದೆ. ಅಲ್ಲಿಂದ ಬೆಳೆದುಬಂದ ಈ ಪದ್ಧತಿಯಲ್ಲಿ ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ. ವಾರ್ಷಿಕ ಸಭೆಯಲ್ಲಿ ಧೋತರದ ಚುಂಗು ಸರಿಮಾಡಿಕೊಂಡು ಎದ್ದು ನಿಂತು “ಈ ಖರ್ಚು ಯಾಕ ಹಾಕೀರಿ?” ಎಂದು ಅಧ್ಯಕ್ಷರನ್ನೇ ಕೇಳುವ ರೈತರನ್ನು ಸಾಫ್ಟ್‌ವೇರ್ ತೋರಿಸಲು ಹೋದಾಗ ನಾನೇ ಕಂಡಿದ್ದೇನೆ. ಅಧ್ಯಕ್ಷರು ಬೆವರುತ್ತಾರೆ, ಉತ್ತರ ಹೇಳುತ್ತಾರೆ. ಎಂಟನೇ ಇಯತ್ತೆ ಓದಿದವರಿಗೆ ಇರುವ ಈ ಸವಲತ್ತು, ಅವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಎಂಜಿನಿಯರ್‌ಗಳಿಗೆ ತಮ್ಮ ಆಫೀಸಿನಲ್ಲಿ ಇಲ್ಲ.

ಟೆಸ್ಟಿಂಗ್ ತಂಡದವರನ್ನು ‘ಬರೇ ತಪ್ಪು ಹುಡುಕವರು’ ಎಂದು ನೀವು ನಗುತ್ತೀರಿ, ಸಂಬಳದಲ್ಲೂ ಒಂದು ಮೆಟ್ಟಿಲು ಕೆಳಗಿಡುತ್ತೀರಿ. ಆಫೀಸಿನಿಂದ ಬೆಂಗೇರಿಗೆ ಒಮ್ಮೆ ಹೋಗಿಬನ್ನಿ. ಅಲ್ಲಿನ ಖಾದಿ ಕೇಂದ್ರದಲ್ಲಿ ತಯಾರಾಗುವ ರಾಷ್ಟ್ರಧ್ವಜದ ನೂಲು, ಬಣ್ಣ, ಅಳತೆ, ಹೊಲಿಗೆ, ಚಕ್ರದ 24 ಅರಗಳು, ಎಲ್ಲವೂ ಭಾರತೀಯ ಮಾನಕ ಬ್ಯೂರೋದ ‘ಐಎಸ್ 1’ ಮಾನದಂಡಕ್ಕೆ ಸರಿಹೊಂದಬೇಕು. ಹೊಂದದ್ದು ಹೊರಗೆ ಹೋಗುವಂತಿಲ್ಲ, ಆಗಸ್ಟ್ 15 ನಾಳೆಯೇ ಇದ್ದರೂ. ತಪಾಸಣೆ ಅಲ್ಲಿ ತಯಾರಿಕೆಯದೇ ಒಂದು ಪಾಲು.

ಕೆಲಸ ತಡವಾದಾಗ ನಾಲ್ಕು ಹೊಸ ಹುಡುಗರನ್ನು ತಂದು ತುಂಬುವ ನಿಮ್ಮ ಅಭ್ಯಾಸದ ಬಗ್ಗೆ ಇನ್ನೊಂದು ಪತ್ರವನ್ನೇ ಬರೆಯಬಹುದು. ತಡವಾದ ಯೋಜನೆಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರು. ಐದು ಜನರ ನಡುವೆ ಮಾತಿನ ಎಳೆಗಳು ಹತ್ತು. ಹತ್ತು ಜನರಾದರೆ ನಲವತ್ತೈದು. ಆ ನಲವತ್ತೈದು ಎಳೆಗಳಲ್ಲೂ ‘ಆತ್ರೀ’ ಹರಿದಾಡುತ್ತಿದ್ದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ.

ಹಾಗಾದರೆ ಏನು ಮಾಡಬೇಕು ಎನ್ನುತ್ತೀರಿ. ನನ್ನ ಈಗಿನ ತಂಡದಲ್ಲಿ ಏಳು ಜನ. ನಾನು ಮಾಡಿದ್ದನ್ನು ಹೇಳುತ್ತೇನೆ, ಎಲ್ಲವೂ ಫಲ ಕೊಟ್ಟಿಲ್ಲ. ಮೊದಲು ‘ಮುಗೀತಾ?’ ಎಂದು ಕೇಳುವುದನ್ನು ಬಿಟ್ಟೆ. ಅದಕ್ಕೆ ‘ಆತ್ರೀ’ ಬಿಟ್ಟು ಬೇರೆ ಉತ್ತರವೇ ಹುಟ್ಟುವುದಿಲ್ಲ. ‘ಏನು ಉಳಿದೈತಿ?’, ‘ಯಾವುದರ ಬಗ್ಗೆ ಧೈರ್ಯ ಇಲ್ಲ?’ ಎಂದು ಕೇಳತೊಡಗಿದೆ. ಮೂರು ವಾರ ಯಾರೂ ಏನೂ ಹೇಳಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ನನಗೇ ನಾಚಿಕೆಯಾಗಿ ಬಿಟ್ಟುಬಿಡೋಣ ಅನ್ನಿಸಿತ್ತು. ನಾಲ್ಕನೆಯ ವಾರ ನನ್ನದೇ ಒಂದು ತಪ್ಪು ಮೊದಲು ಹೇಳಿದೆ: ಆ ಬುಧವಾರದ ಚಾಟ್, ಹೆಬ್ಬೆಟ್ಟು, ಮ್ಯೂಟ್. ಹೇಳುವಾಗ ದನಿ ನಡುಗಿತು. ಅದಾದ ಎರಡು ದಿನಕ್ಕೆ ಒಬ್ಬ ಹುಡುಗ ಬಂದು, “ಮೇಡಂ, ಹೋದ ತಿಂಗಳಿನ ಕೋಡಿನಾಗ ಒಂದ್ ಕಡೆ ನಾ ಸುಮ್ಮ ತೇಪಿ ಹಚ್ಚೀನ್ರೀ” ಅಂದ. ಕುಂಡ್ರಿಸಿದೆ. ಚಹಾ ತರಿಸಿದೆ.

ಸಭೆಯಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡುವುದು ಎಂಬ ನಿಯಮವನ್ನೂ ಮಾಡಿದೆ. ಇದು ಅರ್ಧ ಸೋತಿದೆ. ಮೊದಲು ಮಾತಾಡಬೇಕೆಂಬ ಅಂಜಿಕೆಗೆ ಒಬ್ಬಳು ಸಭೆಗೇ ಬರುವುದನ್ನು ತಪ್ಪಿಸಿದಳು. ಈಗ ಅವರು ಮೊದಲೇ ಬರೆದು ಕಳಿಸಬಹುದು, ನಾನು ಓದಿ ಹೇಳುತ್ತೇನೆ. ಬಿಡುಗಡೆಯನ್ನು ನಿಲ್ಲಿಸುವ ಅಧಿಕಾರ ಟೆಸ್ಟರ್ ಕೈಯಲ್ಲಿದೆ, ಕಾರಣ ಒಂದು ಸಾಲು ಬರೆದರೆ ಸಾಕು. ಎಡವಟ್ಟಾದಾಗ ಬರೆಯುವ ವರದಿಯಲ್ಲಿ ಯಾರ ಹೆಸರೂ ಇರುವುದಿಲ್ಲ. ‘ಹಂಗಾದ್ರ ಯಾರಿಗೂ ಹೊಣೆ ಬ್ಯಾಡೇನು?’ ಎಂದು ನಮ್ಮ ಮ್ಯಾನೇಜರ್ ಕೇಳಿದರು. ಅದು ಸುಳ್ಳು ಪ್ರಶ್ನೆಯಲ್ಲ. ಗೊತ್ತಿದ್ದೂ ಮುಚ್ಚಿಟ್ಟವರ ಜೊತೆ ನಾನು ಕಟುವಾಗಿಯೇ ಮಾತಾಡುತ್ತೇನೆ, ಬಾಗಿಲು ಹಾಕಿಕೊಂಡು. ತಪ್ಪು ಮಾಡಿ ಬಂದು ಹೇಳಿದವರಿಗೆ ಆ ಮಾತಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ದಿನ ಎಲ್ಲರೂ ಮುಚ್ಚಿಡಲು ಕಲಿಯುತ್ತಾರೆ.

ನಿಮ್ಮಿಂದ ಕೇಳುವುದು ಹೆಚ್ಚೇನಿಲ್ಲ. ನೌಕರರ ಅಪ್ಪ-ಅವ್ವನಿಗೆ ಫೋನ್ ಮಾಡುವುದನ್ನು, ಮಾಡುತ್ತೇನೆಂದು ಹೆದರಿಸುವುದನ್ನು ಇವತ್ತಿನಿಂದ ಬಿಡಿ. ನೌಕರಿಯ ನಿಯಮಗಳನ್ನು ಬರೆದು ತಿಳಿಸಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ಐಟಿ ಕಂಪನಿಗಳಿಗೆ 2014ರಲ್ಲಿ ವಿನಾಯಿತಿ ಕೊಟ್ಟಾಗ, ಕುಂದುಕೊರತೆ ಸಮಿತಿ ಇರಬೇಕೆಂದು ಷರತ್ತು ಹಾಕಿತ್ತು. ನಿಮ್ಮಲ್ಲಿ ಅದು ಇದೆಯೇ, ಇದ್ದರೆ ಅದರಲ್ಲಿ ನೌಕರರ ಕಡೆಯಿಂದ ಯಾರಿದ್ದಾರೆ ಎಂದು ನೋಟಿಸ್ ಬೋರ್ಡಿಗೆ ಹಚ್ಚಿ. ಸಂಜೆ ಏಳಕ್ಕೆ ಅಮೆರಿಕದ ಗ್ರಾಹಕರ ಜೊತೆ ಸಭೆ ಇಟ್ಟು ಧಾರವಾಡದ ಹುಡುಗಿಯರನ್ನು ಬಸ್ಸಿನ ಚಿಂತೆಗೆ ಬಿಡಬೇಡಿ. ಅವಸರದಲ್ಲಿರುವವರು ಯಾವ ಸಂಶಯವನ್ನೂ ಎತ್ತುವುದಿಲ್ಲ. ಮತ್ತು ಸಭೆಯಲ್ಲಿ ಎಲ್ಲರೂ ‘ಆತ್ರೀ’ ಅಂದಾಗ ಒಂದು ನಿಮಿಷ ಸುಮ್ಮನೆ ಕೂತಿರಿ. ನಮ್ಮ ಕಡೆ ಖರೆ ಮಾತು ಎರಡನೆಯ ಸಲಕ್ಕೆ ಬರುತ್ತದೆ.

ಆ ಟೆಸ್ಟರ್ ಈಗ ನನ್ನ ತಂಡದಲ್ಲಿದ್ದಾಳೆ. ಹೊಸ ಕಂಪನಿಗೆ ಬರುವಾಗ ನಾನೇ ಕರೆದೆ. ಬರುತ್ತೇನೆ ಎನ್ನಲು ಒಂದು ತಿಂಗಳು ತಗೊಂಡಳು, ಅದು ನ್ಯಾಯವೇ. ಬರುವ ಶುಕ್ರವಾರ ನಮ್ಮದೊಂದು ಬಿಡುಗಡೆ ಇದೆ. ನಿನ್ನೆ ಸಂಜೆ ಅವಳು ಅದನ್ನು ನಿಲ್ಲಿಸಿದ್ದಾಳೆ. ಕಾರಣದ ಜಾಗದಲ್ಲಿ “31ನೇ ತಾರೀಖಿನ ಕೇಸ್ ಇನ್ನೂ ನೋಡಿಲ್ಲ” ಎಂದಿದೆ. ನಾನು ಅದನ್ನೇ ಮೇಲಿನವರಿಗೆ ಕಳಿಸಿ, ಕೆಳಗೆ ‘ಶುಕ್ರವಾರ ಆಗಂಗಿಲ್ರೀ’ ಎಂದು ಸೇರಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಇಂತಿ,
ನಿಮ್ಮೂರ ಒಬ್ಬ ಟೀಮ್ ಲೀಡ್
ಹುಬ್ಬಳ್ಳಿ